ಅರವತ್ತೆಂಟು ಡಿಗ್ರಿಯ ಹಠ ಮತ್ತು ಹಿಮದ ಹೋಟೆಲು

ನನಗೆ ಚಳಿಯಾಗುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಶುದ್ಧ ಸುಳ್ಳು. ಮಿಶಿಗನ್ನಿನ ಪ್ಲಿಮತ್ತಿನಲ್ಲಿ ನಮ್ಮ ಮನೆಯನ್ನು ಬೆಚ್ಚಗಿಡುವ ಥರ್ಮೋಸ್ಟಾಟ್ ಅರವತ್ತೆಂಟು ಫ್ಯಾರನ್‌ಹೀಟಿನ, ಅಂದರೆ ಇಪ್ಪತ್ತು ಸೆಲ್ಸಿಯಸ್ಸಿನ ಮೇಲೆ ಹೋಗಕೂಡದೆಂಬ ಕಾನೂನು ಮಾಡಿದವನು ನಾನೇ ಆದ್ದರಿಂದ ನನಗೆ ನಡುಗುವ ಹಕ್ಕು ಇರಲಿಲ್ಲ, ಅಷ್ಟೆ. ಚಳಿ ಎಂದವರಿಗೆಲ್ಲ ಸ್ವೆಟರ್ ಎಂಬ ಒಂದೇ ಔಷಧಿ. ಹೀಗೆ ಹೇಳುವ ಮನುಷ್ಯನಿಗೆ ವಾರೆನ್ ಊರಿನ ಆಫೀಸಿನಲ್ಲಿ ಏನು ಕೆಲಸ ಗೊತ್ತೆ? ಕಾರಿನ ಸೀಟುಗಳನ್ನು ಬೆಚ್ಚಗಾಗಿಸುವುದು. ಲೋಕದವರ ಬೆನ್ನಿಗೆಲ್ಲ ಬಿಸಿ, ಹೆಂಡತಿಗೆ ಮಾತ್ರ ಸ್ವೆಟರ್.

ಹೆಂಡತಿ ಶಬಾನಾ ಹುಬ್ಬಳ್ಳಿಯವಳು. ಮನೆಯಲ್ಲಿ ಉರ್ದು, ಕನ್ನಡ, ಇಂಗ್ಲಿಷ್ ಮೂರೂ ಓಡಾಡುತ್ತವೆ. ಜಗಳಕ್ಕೆ ಮಾತ್ರ ಅವಳಿಗೆ ಹುಬ್ಬಳ್ಳಿ ಕನ್ನಡವೇ ಆಗಬೇಕು. "ನಾ ಏನ್ ಫ್ರಿಜ್ಜಿನ್ಯಾಗ ಇಟ್ಟ ಕಾಯಿಪಲ್ಲೆ ಏನ್ರೀ?" ಎಂದು ಪ್ರತಿ ಚಳಿಗಾಲವೂ ಕೇಳುತ್ತಾಳೆ.

ಇದಕ್ಕೊಂದು ತೀರ್ಮಾನ ಮಾಡಲು ಮುಂದೆ ಬಂದವಳು ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಸನಾ. ಮಿಶಿಗನ್ನಿನ ಉತ್ತರಕ್ಕೆ ಚಳಿಗಾಲದಲ್ಲಿ ಹಿಮ, ಮಂಜುಗಡ್ಡೆಗಳಿಂದಲೇ ಕಟ್ಟುವ ಪುಟ್ಟ ಹೋಟೆಲೊಂದಿದೆ. ತಡೆಯಲಾರದವರು ಓಡಿಹೋಗಲೆಂದು ಪಕ್ಕದಲ್ಲೇ ಮರದ ಬಿಸಿ ಕೋಣೆಯನ್ನೂ ಇಟ್ಟಿರುತ್ತಾರೆ. "ಸಿಂಪಲ್ ಡೀಲ್, ಅಬ್ಬಾ. ಯು ರನ್, ಅಮ್ಮಿ ಗೆಟ್ಸ್ ದ ಥರ್ಮೋಸ್ಟಾಟ್" ಎಂದಳು. ಬೆಳಗಿನವರೆಗೆ ತಡೆದರೆ ನನ್ನ ಕಾನೂನು ಉಳಿಯುತ್ತದೆ, ಓಡಿದರೆ ಶಬಾನಾಳ ಆಳ್ವಿಕೆ. ನಾನು ಮೀಸೆ ತಿರುವಿ ಒಪ್ಪಿದೆ.

ಐದು ಗಂಟೆ ಡ್ರೈವ್ ಮಾಡಿ ಹೋದೆವು. ಗೋಡೆ, ಸೂರು, ಮಂಚ ಎಲ್ಲವೂ ಹಿಮ. ನೋಡಲು ಬಲು ಚೆಂದ, ನಾನು ಮಗುವಿನಂತೆ ಗೋಡೆಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹೊರಗೆ ಸೊನ್ನೆ, ಒಳಗೆ ಇಪ್ಪತ್ತೈದು ಡಿಗ್ರಿ. ಮೂವತ್ತೆರಡಕ್ಕೇ ನೀರು ಹೆಪ್ಪುಗಟ್ಟುತ್ತದೆ. ಹಿಮದೊಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಆದ್ದರಿಂದ ಹಿಮವೇ ಒಂದು ಕಂಬಳಿ ಎಂದು ಇಬ್ಬರಿಗೂ ಪಾಠ ಶುರುಮಾಡಿದೆ.

"ಸಾಕ್ರೀ ಪಾಠಾ, ಹಲ್ಲು ಕಟಕಟ ಅನ್ನಾಕತ್ತಾವ" ಎಂದಳು ಶಬಾನಾ. ಆಮೇಲೆ ಸ್ಲೀಪಿಂಗ್ ಬ್ಯಾಗಿನೊಳಗೆ ನುಸುಳಿ, ಮೂಗೊಂದನ್ನು ಹೊರಗಿಟ್ಟು, ಐದೇ ನಿಮಿಷದಲ್ಲಿ ಗೊರಕೆ ಹೊಡೆದಳು. ಅರವತ್ತೆಂಟರಲ್ಲಿ ಇಪ್ಪತ್ತು ವರ್ಷ ಪಳಗಿದ ಜೀವ! ನಿದ್ದೆ ಬಾರದೆ ಒದ್ದಾಡಿದವನು ನಾನೊಬ್ಬನೇ.

ಬೆಳಗಿನ ಫಜರ್ ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯಲು, ಅಂದರೆ ವುಜೂಗೆಂದು, ಶಬಾನಾ ದೊಡ್ಡ ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದಳು. ಅದರಲ್ಲಿ ಒಂದು ಗುಟುಕು ಕುಡಿದೆ. ಆಹಾ! ಒಂದು ಗುಟುಕಿನಿಂದ ಯಾರ ವುಜೂ ಕೆಡುತ್ತದೆ ಎಂದು ಇನ್ನೊಂದು ಕುಡಿದೆ. ಫೋನಿನ ಅಲಾರಂ ಬಡಿದುಕೊಂಡಾಗ ಫ್ಲಾಸ್ಕಿನಲ್ಲಿ ಹನಿಯೂ ಉಳಿದಿರಲಿಲ್ಲ.

ನೀರು ಸಿಗದಿದ್ದರೆ ಶುದ್ಧ ಮಣ್ಣನ್ನು ಮುಟ್ಟಿ ಕೈ ಮುಖ ಸವರಿಕೊಂಡರೂ ನಡೆಯುತ್ತದೆ ಎಂದು ಚಾಮರಾಜನಗರದಲ್ಲಿ ಬಾಲ್ಯದಲ್ಲೇ ಮೌಲ್ವಿ ಸಾಹೇಬರು ಕಲಿಸಿದ್ದರು. ಆದರೆ ಇಲ್ಲಿ ಮಣ್ಣು ಮೂರಡಿ ಹಿಮದ ಕೆಳಗೆ. ಹಿಮವನ್ನೇ ಸವರಿಕೊಳ್ಳಬಹುದೇ? ದೊಡ್ಡ ದೊಡ್ಡ ವಿದ್ವಾಂಸರು ಇದನ್ನೂ ಚರ್ಚಿಸಿರಬೇಕು, ನಾನು ಓದಿಲ್ಲ. ಗೋಡೆಯೂ ನೀರೇ, ಮಂಚವೂ ನೀರೇ, ಸೂರೂ ನೀರೇ. ಮುಖಕ್ಕೆ ಬೊಗಸೆ ನೀರಿಲ್ಲ. ನಲ್ಲಿ ಇದ್ದದ್ದು ಬಿಸಿ ಕೋಣೆಯಲ್ಲಿ. ನಮಾಜ್ ಬೇಕೆಂದರೆ ಥರ್ಮೋಸ್ಟಾಟನ್ನು ಕೈಬಿಡಬೇಕು.

ಹೋದೆ. ಬಿಸಿನೀರು ಮೊಣಕೈಗೆ ಹರಿದಾಗ ಕಣ್ಣು ತಾನಾಗಿ ಮುಚ್ಚಿತು. ನಮಾಜ್ ಮುಗಿಯಿತು. ಎದ್ದು ಹಿಮದ ಮಂಚಕ್ಕೆ ಮರಳಲು ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅಂದು ನಾನು ಮಾಡಿದಷ್ಟು ಉದ್ದದ ದುವಾವನ್ನು ಹಬ್ಬದ ದಿನವೂ ಮಾಡಿದ್ದಿಲ್ಲ. ಬಂಧುಗಳಾದ ಮೇಲೆ ನೆರೆಹೊರೆ, ಅವರಾದ ಮೇಲೆ ಆಫೀಸಿನವರು, ಕೊನೆಗೆ ನಾನು ಕಂಡೇ ಇರದ ಗಿರಾಕಿಗಳ ಕ್ಷೇಮವನ್ನೂ ಬೇಡಿಕೊಂಡೆ.

ಬಾಗಿಲು ತೆರೆಯಿತು. ಸನಾ, ಅವಳ ಹಿಂದೆ ಶಾಲು ಹೊದ್ದ ಶಬಾನಾ.

"ಅಬ್ಬಾ, ವುಜೂ ಡಸಂಟ್ ಕೌಂಟ್. ಯು ವಿನ್!" ಎಂದಳು ಮಗಳು.

"ಹೌದ್ ಬಿಡ. ನಮಾಜಿಗೆ ಬಂದ್ರ ಸೋತಂಗ ಹೆಂಗಾಕ್ಕೈತಿ?" ಎಂದಳು ಶಬಾನಾ. ನ್ಯಾಯದ ಮಾತೇ. ಆದರೆ ಹೇಳುವಾಗ ಅವಳ ಮುಖ ಚಿಕ್ಕದಾದದ್ದನ್ನು ನೋಡಿದೆ. ಸುಮ್ಮನಿದ್ದರೆ ಗೆದ್ದುಬಿಡುತ್ತಿದ್ದೆ. ಆದರೆ ನಮಾಜಿನ ಚಾಪೆಯ ಮೇಲೆ ಕೂತು ಸುಳ್ಳು ಗೆಲುವನ್ನು ಜೇಬಿಗಿಳಿಸುವುದು ಹೇಗೆ?

"ಇಲ್ಲ ಕಣೇ. ನಮಾಜ್ ಮುಗ್ದು ಅರ್ಧ ಗಂಟೆ ಆಯ್ತು. ಚಳಿ ತಡೀಲಾರ್ದೆ ಇಲ್ಲೇ ಕೂತಿದೀನಿ. ಫ್ಲಾಸ್ಕ್ ನೀರು ಕುಡ್ದಿದ್ದೂ ನಾನೇ."

ಶಬಾನಾ ಗೋಡೆ ಹಿಡಿದುಕೊಂಡು ನಕ್ಕಳು. ಆ ನಗು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೂ ನಾಲ್ಕು ತಪ್ಪು ಒಪ್ಪಿಕೊಳ್ಳೋಣ ಎನಿಸಿತು.

ಮನೆಗೆ ಬಂದವಳು ಬೂಟನ್ನೂ ಬಿಚ್ಚದೆ ಹೋಗಿ ಥರ್ಮೋಸ್ಟಾಟನ್ನು ಎಪ್ಪತ್ತೆರಡಕ್ಕೇರಿಸಿದಳು. ನಾನು ಸೋಫಾದ ಮೇಲೆ ಕಾಲು ಚಾಚಿದೆ. ಸೋಲುವುದರಲ್ಲಿ ಇಷ್ಟು ಸುಖವಿದೆ ಎಂದು ಗೊತ್ತಿದ್ದರೆ, ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಸೋತುಬಿಡುತ್ತಿದ್ದೆ.