ಹಳ್ಳಕ್ಕೆ ಮೂರು ಮದ್ದು

ಹಳ್ಳದ ಇಂಜಿನಿಯರಮ್ಮ ಎಂದರೆ ಆ ಪುಟ್ಟ ನಗರದಲ್ಲಿ ಯಾರು ಬೇಕಾದರೂ ನಗರಸಭೆಯ ದಾರಿ ತೋರಿಸುತ್ತಿದ್ದರು. ಆಕೆ ಹುಟ್ಟಿದ್ದು ಹಳ್ಳದ ಈ ದಡದಲ್ಲಿ, ಮದುವೆಯಾಗಿ ಹೋದದ್ದು ಆ ದಡಕ್ಕೆ. ತವರಿನ ಹಿತ್ತಲಲ್ಲಿ ನಿಂತು ಕೂಗಿದರೆ ಅತ್ತೆಯ ಅಡುಗೆಮನೆಗೆ ಕೇಳಿಸುತ್ತಿತ್ತು. ಹಳ್ಳ ಉಕ್ಕಿದರೆ ಎರಡು ಮನೆಗೂ ಮೊಣಕಾಲುದ್ದ ನೀರು. ಚಿಕ್ಕಂದಿನಲ್ಲಿ ನೆನೆದ ಪುಸ್ತಕಗಳನ್ನು ಒಲೆಯ ಪಕ್ಕ ಒಣಗಿಸಿಕೊಂಡು ಓದಿದವಳು, ಈ ಹಳ್ಳಕ್ಕೆ ಮೂಗುದಾರ ಹಾಕದೆ ಬಿಡುವುದಿಲ್ಲ ಎಂದು ಹಟ ಹಿಡಿದೇ ಇಂಜಿನಿಯರ್ ಆದಳು.

ಕೊನೆಗೂ ಕಾಲ ಕೂಡಿಬಂದಿತ್ತು. ಮೂರು ಉಪಾಯಗಳಲ್ಲಿ ಒಂದನ್ನು ಜನರೇ ಸಭೆ ಸೇರಿ ಒಪ್ಪಬೇಕು. ತಗ್ಗಾಗಿರುವ ತವರಿನ ದಡಕ್ಕೆ ಮಾತ್ರ ಗೋಡೆ. ಇಲ್ಲವೇ ಎರಡೂ ದಡಕ್ಕೆ ಗೋಡೆ. ಅದೂ ಇಲ್ಲವೆಂದರೆ ಹಳ್ಳವನ್ನೇ ಅಗಲ ಮಾಡುವುದು. ಮೂರನೆಯದೇ ಸರಿ ಎಂದು ಆಕೆಗೆ ಗೊತ್ತು. ಆದರೆ ಅದಕ್ಕೆ ದಡದ ಪ್ರತಿ ಮನೆಯೂ ಅರ್ಧ ಹಿತ್ತಲು ಬಿಟ್ಟುಕೊಡಬೇಕು. ಹಿತ್ತಲು ಬಿಟ್ಟುಕೊಡುವ ಪುಣ್ಯಾತ್ಮರನ್ನು ಎಲ್ಲಿಂದ ತರುವುದು?

"ಮಗಳು ಇಂಜಿನಿಯರ್ ಆಗಿ ತಾಯಿಗೊಂದು ಗೋಡೆ ಕಟ್ಟಿಸಲಿಲ್ಲ ಅಂದ್ರೆ ಜನ ಏನಂತಾರೆ?" ಎಂದು ಅಮ್ಮ.

"ನೀನೀಗ ಊಟ ಮಾಡೋದು ಯಾವ ಮನೇಲಮ್ಮ? ಗೋಡೆ ಏನಿದ್ರೂ ನಮ್ಮ ಕಡೆ," ಎಂದು ಅತ್ತೆ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಹಿತ್ತಲಿನ ಮಾತೆತ್ತಿದರೆ ಮಾತ್ರ ಬೀಗಿತ್ತಿಯರಿಬ್ಬರೂ ಒಂದೇ ಪಕ್ಷ. ಅಮ್ಮನ ಹಿತ್ತಲಲ್ಲಿ ನಿಂಬೆ ಗಿಡ ಇತ್ತು, ಅತ್ತೆ ತಮ್ಮದರಲ್ಲಿ ಹೊಸದಾಗಿ ಬಚ್ಚಲು ಕಟ್ಟಿಸಿದ್ದರು.

ಲೆಕ್ಕ ಹೇಳಿದರೆ ಯಾರೂ ಕೇಳುವುದಿಲ್ಲ, ನೀರೇ ಹೇಳಲಿ ಎಂದು ಆಕೆ ನಗರಸಭೆಯ ವಾಹನದ ಶೆಡ್ಡಿನಲ್ಲಿ ಇಡೀ ಹಳ್ಳವನ್ನು ಪುಟ್ಟದಾಗಿ ಕಟ್ಟಿದಳು. ಮರಳು, ಹಲಗೆ, ಸೇತುವೆ, ಮಾರುಕಟ್ಟೆ, ಬಣ್ಣ ಬಳಿದ ಮರದ ಮನೆಗಳು. ಸಭೆಯ ದಿನ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶೆಡ್ಡು ತುಂಬಿ ಜನ ಬಾಗಿಲಾಚೆ ನಿಂತಿದ್ದರು, ಎಲ್ಲರಿಗೂ ತಮ್ಮ ತಮ್ಮ ಮನೆ ಹುಡುಕುವ ಸಡಗರ.

"ನನ್ನ ಮನೆಗೆ ಹಸಿರು ಬಣ್ಣ ಯಾವಾಗ ಹೊಡೆಸಿದ್ದೆ?" ಎಂದು ಅತ್ತೆ ಅಲ್ಲೂ ಮೂಗು ಮುರಿದರು.

ಆಕೆ ತವರಿನ ದಡಕ್ಕೆ ಗೋಡೆ ನಿಲ್ಲಿಸಿ ನಲ್ಲಿ ತಿರುಗಿಸಿದಳು. ನೀರು ನುಗ್ಗಿ ಬಂತು, ಗೋಡೆಗೆ ಬಡಿಯಿತು. ಈ ಕಡೆ ಒಂದು ಹನಿ ಇಲ್ಲ! ಅಮ್ಮ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ನೀರು ತಿರುಗಿ ಆ ದಡ ಹತ್ತಿತು. ಹಸಿರು ಮನೆ ಅಲುಗಾಡಿತು, ವಾಲಿತು, ತೇಲಿತು.

"ಅಯ್ಯಯ್ಯೋ, ಬೀಗಿತ್ತಿ ಮನೆ ಹೋಯ್ತಲ್ಲೇ!" ಎಂದು ಕೂಗಿದ ಅಮ್ಮ ಮೊಣಕೈವರೆಗೆ ಕೈ ಮುಳುಗಿಸಿ ಅದನ್ನು ಎತ್ತಿಯೇಬಿಟ್ಟರು. "ನಿಲ್ಸೇ ನೀರು! ಇದೇನಾ ನಾನು ಇಷ್ಟು ದಿನ ಕೇಳ್ತಿದ್ದ ಗೋಡೆ?"

ಆಟದ ಮನೆ ಎಂದು ಯಾರೂ ನಗಲಿಲ್ಲ. ಅತ್ತೆ ಮುಂದೆ ಬಂದು ಅಮ್ಮನ ಕೈಯಿಂದ ಹಸಿರು ಮನೆ ಇಸಿದುಕೊಂಡು, ಸೆರಗಿನಿಂದ ಒರೆಸಿ ಅದರ ಜಾಗದಲ್ಲೇ ಇಟ್ಟರು.

ಎರಡೂ ದಡಕ್ಕೆ ಗೋಡೆ ಇಟ್ಟಾಗ ನೀರು ಬಾಣದಂತೆ ಓಡಿ ಸೇತುವೆಗೆ ಗುದ್ದಿ ಮಾರುಕಟ್ಟೆಯನ್ನು ಮುಳುಗಿಸಿತು. ಅಂಗಡಿಯವರೆಲ್ಲ ಹೋ ಎಂದರು. ಕೊನೆಗೆ ಆಕೆ ಗೋಡೆ ಕಿತ್ತು ಎರಡೂ ದಡವನ್ನು ಹಿಂದಕ್ಕೆ ಸರಿಸಿದಳು. ನೀರು ಬಂತು, ಅಗಲಕ್ಕೆ ಹರಡಿತು, ರಭಸ ಕಳೆದುಕೊಂಡು ಸೇತುವೆಯ ಕೆಳಗೆ ತಣ್ಣಗೆ ಸಾಗಿತು. ಒಂದು ಮನೆಯೂ ಅಲುಗಲಿಲ್ಲ.

"ನೋಡಿ! ನೋಡಿದ್ರಾ!" ಎಂದು ಇಂಜಿನಿಯರಮ್ಮ ಮೇಲಧಿಕಾರಿಗಳ ಎದುರೇ ಕುಣಿದಳು. ಇಷ್ಟು ವರ್ಷದ ಕನಸು ಕಣ್ಣೆದುರು ಹರಿಯುತ್ತಿದ್ದರೆ ಯಾರು ತಾನೆ ಸುಮ್ಮನಿರುತ್ತಾರೆ?

"ಹಿತ್ತಲು ಕೊಡೋರು ಕೈ ಎತ್ತಿ," ಎಂದರು ನಗರಸಭೆಯ ಅಧ್ಯಕ್ಷರು.

ಎಲ್ಲರೂ ಪಕ್ಕದವರ ಮುಖ ನೋಡಿದರು. ಈಗ ಯಾರೂ ಒಪ್ಪದಿದ್ದರೆ ಮೇಲಿನವರು ಒಂದು ದಡದ ಗೋಡೆಯನ್ನೇ ಕಟ್ಟಿ ಕೈತೊಳೆದುಕೊಳ್ಳುತ್ತಾರೆ.

ಒದ್ದೆ ಕೈಯೊಂದು ಮೇಲೆದ್ದಿತು. "ನಂದು ತಗೊಳ್ಳಿ. ನಿಂಬೆ ಗಿಡ ತಾನೆ, ಹೋಗ್ಲಿ," ಎಂದರು ಅಮ್ಮ.

ಅತ್ತೆ ಸೋಲುವ ಜಾತಿಯಲ್ಲ. "ಅವರೊಬ್ರೇ ಹೆಸರು ತಗೊಳ್ಳೋದಾ? ನನ್ನ ಬಚ್ಚಲೂ ಹೋಗ್ಲಿ! ಬರ್ಕೊಳ್ಳಿ!"

"ಬಚ್ಚಲು ಹೋದ್ರೆ ಸ್ನಾನ ಎಲ್ಲಿ ಅಜ್ಜಿ?" ಎಂದು ಹಿಂದಿನಿಂದ ಯಾರೋ ತಾವೂ ಕೈ ಎತ್ತಿಕೊಂಡೇ ರೇಗಿಸಿದರು.

ಅಮ್ಮ ಬೀಗಿತ್ತಿಯ ಕಡೆ ತಿರುಗಿ, "ಹೊಸದು ಕಟ್ಟೋವರೆಗೂ ನಮ್ಮನೆಗೆ ಬನ್ನಿ. ನಾನು ನೀರು ಕಾಯಿಸಿಟ್ಟಿರ್ತೀನಿ," ಎಂದರು.