ಮೂರು ಸಲ ಕೇಳಿದ ರಾಣಿ

ಮೊನ್ನೆ ಮೊಮ್ಮಗಳು ನನ್ನ ಮುಖದ ಮುಂದೆ ಮೊಬೈಲು ಹಿಡಿದು, “ಆಯಿ, ಇದರ ಗುರುತು ಹತ್ತತೈತೇನು ನೋಡು” ಅಂದಳು. ಕನ್ನಡಕ ಹುಡುಕಿ ಹಾಕಿಕೊಂಡು ನೋಡಿದರೆ ಗರಿ ಬಿಚ್ಚಿ ನಿಂತ ನವಿಲು! ಒಲೆಯ ಮೇಲೆ ಹಾಲಿತ್ತು. ಉಕ್ಕಿದರೆ ಉಕ್ಕಲಿ ಎಂದು ಅಲ್ಲೇ ಕೂತುಬಿಟ್ಟೆ.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಗ್ರಾಮೋಫೋನಿನ ಪ್ಲೇಟು ಎಂದರೆ ನವಿಲಿನ ಗುರುತಿನ ನವಿಲು ಕಂಪನಿಯದೇ. ಎಲ್ಲೋ ದೊಡ್ಡ ಶಹರದಲ್ಲಿ ಕೂತ ಅದರ ಮಾಲಕರಿಗೆ ಸಿಂದಗಿ ಯಾವ ದಿಕ್ಕಿಗಿದೆ ಎಂದು ಗೊತ್ತಿತ್ತೋ ಇಲ್ಲವೋ, ಸಿಂದಗಿಯ ಕಟಿಂಗ್ ಅಂಗಡಿಯಿಂದ ಮುದ್ದೇಬಿಹಾಳದ ಚಹಾದ ಹೋಟೆಲಿನವರೆಗೆ ಅವರ ನವಿಲು ಗರಗರ ತಿರುಗುತ್ತಿತ್ತು. ತೀರಾ ಹಳೆಯ ಪ್ಲೇಟುಗಳಲ್ಲಿ ಹಾಡು ಮುಗಿದೊಡನೆ ಹಾಡಿದವರು ತಮ್ಮ ಹೆಸರು ಹೇಳುತ್ತಿದ್ದರು. ಅದನ್ನು ಕೇಳಿ ಕೇಳಿ ನಮ್ಮೂರ ಭಜನೆಯ ಮುದುಕರೊಬ್ಬರು ಮಂಗಳಾರತಿ ಮುಗಿಸಿದ ಮೇಲೆ, ಮುಗಿದ ಕೈ ಬಿಡದೆ, ತಮ್ಮ ಹೆಸರು, ಅಡ್ಡಹೆಸರು, ಊರು ಎಲ್ಲ ಒಪ್ಪಿಸುತ್ತಿದ್ದರು. ದೇವರಿಗೆ ಗುರುತು ಸಿಗಲಿ ಎಂದು ಹೇಳುತ್ತಾರೇನೋ ಅಂತ ನಾನು ತಿಳಿದಿದ್ದೆ.

ನಾನು ಇಂಡಿ ಊರಿನವಳು. ಬಾಗೇವಾಡಿಯ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಚಾವಿ ಕೊಡುವ ಗ್ರಾಮೋಫೋನಿಗೆ. ಅದು ಅತ್ತೆಯದು. ಅದರ ಜೊತೆಗೆ, ತಾಳಿಕೋಟೆಯ ಸಂತೆಯಲ್ಲಿ ಯಾರೋ ಬಳಸಿ ಮಾರಿದ ಒಂದು ನಾಟಕದ ಪ್ಲೇಟುಗಳ ಕಟ್ಟು. ಮಗನನ್ನು ಕಳೆದುಕೊಂಡ ರಾಣಿಯ ಕಥೆ. ಸಂಜೆಯಾದರೆ ಓಣಿಯೆಲ್ಲ ನಮ್ಮ ಪಡಸಾಲೆಯಲ್ಲಿ. ಪ್ಲೇಟಿನೊಳಗಿನ ರಾಣಿ, “ನನ್ನ ಕಂದನೆಲ್ಲಿ?” ಎನ್ನುವಳು. ಅಲ್ಲಿ ಒಂದು ಗೀರು ಬಿದ್ದಿತ್ತು. ಪಿನ್ನು ಹಿಂದಕ್ಕೆ ಜಿಗಿದು, “ಕಂದನೆಲ್ಲಿ? ಕಂದನೆಲ್ಲಿ?” ಎಂದು ಇನ್ನೆರಡು ಸಲ ಅನ್ನಿಸಿ ಮುಂದೆ ಹೋಗುತ್ತಿತ್ತು. ಮೂರನೆಯದಕ್ಕೆ ಓಣಿಯ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸುವವರೇ.

ಹೊಸ ಸೊಸೆ, ಬಾಯಿ ಸುಮ್ಮನಿರಬೇಕಲ್ಲ! “ಅತ್ತಿ, ನಮ್ಮ ಇಂಡಿ ಹೋಟೆಲ್ದಾಗ ಇದ ಪ್ಲೇಟ ಕೇಳೇನ್ರಿ. ಅಲ್ಲಿ ರಾಣಿ ಒಂದ ಸಲ ಅಂತಾಳ್ರಿ” ಅಂದೆ.

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನಿಮ್ಮೂರ ಪ್ಲೇಟ ಸವದೈತಿ. ಎರಡ ಮಾತು ಉದುರ್ಯಾವು” ಅಂದರು. ಮುಗಿಯಿತು.

ಇದೇ ನಾಟಕವನ್ನು ಊರಲ್ಲಿ ಆಡಬೇಕೆಂಬ ಹುಚ್ಚು ನಮ್ಮ ಮನೆಯವರಿಗೆ ಹಿಡಿಯಿತು. ರಾಜನ ಪಾರ್ಟು ತಮ್ಮದೇ. ತಾಲೀಮು ಪ್ಲೇಟು ಕೇಳಿಕೊಂಡೇ ನಡೆಯಿತು. ಒಂದು ಮಗ್ಗುಲು ಮುಗಿದು ಪ್ಲೇಟು ತಿರುವಿ ಹಾಕುವಷ್ಟು ಹೊತ್ತು ಅಲ್ಲಿ ಮಾತು ನಿಲ್ಲುತ್ತಿತ್ತಲ್ಲ, ಇವರೂ ನಿಲ್ಲುತ್ತಿದ್ದರು! “ಎಲೈ ಸೇನಾಪತಿ, ಕೂಡಲೇ ಹೋಗಿ” ಎಂದು ಕೈ ಎತ್ತಿದ ರಾಜ ಕಂಬದಂತೆ ನಿಂತ, ಸೇನಾಪತಿಯೂ ನಿಂತ. ಆಮೇಲೆ, “ಶತ್ರುವನ್ನು ಹಿಡಿದು ತಾ!” ಎಷ್ಟು ಗಾಂಭೀರ್ಯ ಅಂತೀರಿ!

ರಾಣಿಯ ಪಾರ್ಟಿಗೆ ಯಾರು? ಆಗ ನವಿಲು ಕಂಪನಿಯು ನಾಟಕದ ಪ್ಲೇಟು ತೆಗೆಯುವುದನ್ನು ಬಿಟ್ಟು ಸಿನಿಮಾ ಹಾಡಿಗೆ ಹತ್ತಿತ್ತು. ಪ್ಲೇಟಿನೊಳಗೆ ರಾಣಿಗೆ ದನಿ ಕೊಟ್ಟ ನಟಿ, ಎಲ್ಲರೂ ಬಾಯಿಯವರು ಎಂದು ಕರೆಯುತ್ತಿದ್ದವರು, ಹಳ್ಳಿ ಹಳ್ಳಿಯ ನಾಟಕದಲ್ಲಿ ಪಾರ್ಟು ಮಾಡಿ ಹೊಟ್ಟೆ ಹೊರೆಯುತ್ತಿದ್ದಾರೆಂದು ನಮ್ಮ ಮನೆಯವರಿಗೆ ಸುದ್ದಿ ಹತ್ತಿತು. ಹುಡುಕಿ ಒಪ್ಪಿಸಿ ಬಂದರು. “ಪ್ಲೇಟಿನ ರಾಣಿನ್ನ ನಿಮ್ಮ ಕಣ್ಣ ಮುಂದ ನಿಲ್ಲಸ್ತೇನಿ. ಸುಳ್ಳಾದ್ರ ಮೀಸಿ ಬೋಳಸ್ತೇನಿ” ಎಂದು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಸಾರಿದರು.

ಬಸ್ಸಿನಿಂದ ಇಳಿದವರು ತಲೆ ನರೆತ ಹೆಂಗಸು, ಕೈಯಲ್ಲಿ ಎಲೆಅಡಿಕೆಯ ಚೀಲ. ಊರು ಮುಖ ಮುಖ ನೋಡಿಕೊಂಡಿತು. ಪ್ಲೇಟಿನ ರಾಣಿಗೆ ವಯಸ್ಸಾಗಿರಲಿಲ್ಲವಲ್ಲ! ನಮ್ಮ ಮನೆಯಲ್ಲೇ ಉಂಡರು. ಗ್ರಾಮೋಫೋನಿನ ಕಡೆ ನೋಡಿ, “ನನ್ನ ದನಿ ಇನ್ನೂ ಕೇಳ್ತೀರೇನವ್ವ?” ಎಂದು ನನ್ನನ್ನು ಕೇಳಿದರು. ಹೌದ್ರಿ ಅಂದಾಗ ಅವರ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗೀರಿನ ಸಂಗತಿ ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಮಗ್ಗುಲಲ್ಲೇ ಇದ್ದರು, ನುಂಗಿಕೊಂಡೆ.

ಹೊತ್ತು ಮುಳುಗಿದ ಮೇಲೆ ಪರದೆ ಎದ್ದಿತು. ಎಲ್ಲ ಸುಸೂತ್ರ. ರಾಣಿ ಕಿರೀಟ ಕಿತ್ತೆಸೆದು ಕೂಗಿದಳು: “ನನ್ನ ಕಂದನೆಲ್ಲಿ?”

ಊರು ಉಸಿರು ಹಿಡಿದು ಕಾಯಿತು. ರಾಣಿ ಮುಂದಿನ ಮಾತಿಗೆ ಹೋಗಿಬಿಟ್ಟಳು! ಹೆಂಗಸರ ನಡುವಿನಿಂದ ನಮ್ಮ ಅತ್ತೆ ಎದ್ದು ನಿಂತರು. “ಇನ್ನೆರಡ ಸಲ ಎಲ್ಲದಾವ?”

ಅಷ್ಟೇ ಸಾಕಾಯಿತು. “ಇಕಿ ಅಕಿ ಅಲ್ಲ!” “ಪ್ಲೇಟಿನಾಕಿ ಅಲ್ಲೋ! ಮೋಸ!” ಶಿಳ್ಳೆ, ಗದ್ದಲ. ಗಂಡನ ಮೀಸೆ ಹೋದರೆ ಬೆಳೆದೀತು. ಆದರೆ ಆ ತಾಯಿಯ ಬಳಿ ಉಳಿದದ್ದು ಆ ದನಿಯೊಂದೇ. ಅದೂ ಅವರದಲ್ಲ ಎಂದು ಒಂದಿಡೀ ಊರು ಕೂಗುತ್ತಿತ್ತು.

ಆಮೇಲೆ ಇವರು ಹೇಳಿದ್ದು: ಇವರು ರಾಣಿಯ ಬಳಿ ಸರಿದು, “ಬಾಯಾರ, ಅದನ್ನ ಮೂರ ಸಲ ಅನ್ರಿ” ಎಂದು ಪಿಸುಗುಟ್ಟಿದರಂತೆ. “ಯಾಕ್ರಿ?” “ನಮ್ಮ ಪ್ಲೇಟಿಗೆ ಗೀರು ಬಿದ್ದೈತ್ರಿ!” ಬಾಯಿಯವರು ಒಂದು ಕ್ಷಣ ಇವರನ್ನು ದುರುಗುಟ್ಟಿ ನೋಡಿ, ಜನರ ಕಡೆ ತಿರುಗಿದರು.

“ನನ್ನ ಕಂದನೆಲ್ಲಿ?” ಈ ಸಲ ಅದು ಅಪ್ಪಣೆ. ರಾಜನೇ ಒಂದು ಹೆಜ್ಜೆ ಹಿಂದೆ ಸರಿದ. “ನನ್ನ ಕಂದನೆಲ್ಲಿ?” ಈಗ ಆ ದನಿಯಲ್ಲಿ ಹೆದರಿಕೆ. ಗದ್ದಲ ಅಡಗಿತು. ರಾಣಿ ರಂಗದಿಂದ ಕೆಳಗಿಳಿದಳು. ಹೆಂಗಸರ ನಡುವೆ, ಒಬ್ಬೊಬ್ಬರ ಮಡಿಲನ್ನೂ ಬಗ್ಗಿ ನೋಡುತ್ತ ಬಂದಳು. ನಮ್ಮ ಅತ್ತೆಯ ಮುಂದೆ ನಿಂತು, ಅವರ ಎರಡೂ ಕೈ ಹಿಡಿದು, ದನಿಯೇ ಇಲ್ಲದಂತೆ ಕೇಳಿದಳು: “ನನ್ನ ಕಂದನೆಲ್ಲಿ?”

“ನಾ ನೋಡಿಲ್ಲವ್ವ!” ಎಂದು ನಮ್ಮ ಅತ್ತೆ ಹೋ ಎಂದು ಅತ್ತುಬಿಟ್ಟರು. “ನಮ್ಮಪ್ಪನಾಣಿ, ನಾ ನೋಡಿಲ್ಲ!”

ಆಹಾ! ಇಡೀ ಊರು ಎದ್ದು ನಿಂತಿತು. ಟೊಪ್ಪಿಗೆ, ರುಮಾಲು ಗಾಳಿಯಲ್ಲಿ ಹಾರಿದವು. ಚಪ್ಪಾಳೆ ಹೊಡೆದು ಹೊಡೆದು ನನ್ನ ಬಳೆ ಒಡೆದವು.

ಮರುದಿನ ಸಂಜೆ ಓಣಿ ಕೂಡಿತು, ಅತ್ತೆ ಪ್ಲೇಟು ಹಚ್ಚಿದರು. ಕಂದನೆಲ್ಲಿ, ಕಂದನೆಲ್ಲಿ, ಕಂದನೆಲ್ಲಿ. ಅತ್ತೆ ಪಿನ್ನು ಎತ್ತಿಟ್ಟರು. “ಮೂರೂ ಒಂದ ನಮೂನಿ ಅಂತಾಳಲ್ಲ. ಇಕಿ ಅಕಿ ಅಲ್ಲ ಬಿಡ್ರಿ.”

ಇದನ್ನೆಲ್ಲ ನೆನೆಸುತ್ತಿರುವಾಗಲೇ ಮೊಮ್ಮಗಳ ಮೊಬೈಲಿನಲ್ಲಿ ನಾಟಕ ಶುರುವಾಗಿತ್ತು. ಕಂಪನಿಯವರು ತಮ್ಮ ಹಳೆಯ ಪ್ಲೇಟುಗಳನ್ನೆಲ್ಲ ಗರಗರ ಸದ್ದು ತೆಗೆದು, ಸ್ವಚ್ಛ ಮಾಡಿ ಮೊಬೈಲಿಗೆ ಹಾಕಿದ್ದಾರಂತೆ. ಬಾಯಿಯವರ ದನಿ ಗಾಜಿನಂತೆ ತಿಳಿಯಾಗಿ ಕೇಳಿತು: “ನನ್ನ ಕಂದನೆಲ್ಲಿ?” ಒಂದೇ ಸಲ. ದನಿ ಮುಂದೆ ಹೋಯಿತು. ನಾನು ಕಾಯುತ್ತಲೇ ಇದ್ದೆ.

ಒಳಗಿನ ಕೋಣೆಯಿಂದ ಇವರು, ರಾಜನ ಗತ್ತಿನಲ್ಲೇ, “ನನ್ನ ಕಂದನೆಲ್ಲಿ?” ಅಂದರು. ಮೂರನೆಯದನ್ನು ನಾನೇ ಅಂದೆ. ಒಳಗಿನಿಂದ ಥೇಟ್ ನಮ್ಮ ಅತ್ತೆಯ ದನಿಯಲ್ಲಿ ಉತ್ತರ ಬಂತು: “ನಾ ನೋಡಿಲ್ಲವ್ವ!”

ಮೊಮ್ಮಗಳು ಇಬ್ಬರನ್ನೂ ಬೆರಗಾಗಿ ನೋಡಿದಳು. “ಆಯಿ, ಇದೆಲ್ಲಾ ಇದರಾಗ ಇಲ್ಲಲ್ಲ?”

ಕಣ್ಣೊರೆಸಿಕೊಂಡು, ಹಾಲಿನ ಕಡೆ ಓಡುತ್ತ ನಾನೆಂದೆ: “ನಿಮ್ಮ ಪ್ಲೇಟ ಸವದೈತಿ ಬಿಡವ.”