ಅತ್ತಿಮರದ ತಿರುವಿನಲ್ಲಿ ಬಂದ ಕರೆ

ತೋಟ ನೋಡಿಕೊಳ್ಳುವ ಹೆಂಗಸಿಗೆ ಎಲ್ಲರೂ ಕೊಡುವ ಬುದ್ಧಿಮಾತು ಒಂದೇ. ಯಾರನ್ನೂ ನಂಬಬೇಡಿ. ನನ್ನ ಯಜಮಾನರು ತೀರಿಕೊಂಡು, ಮಲ್ಲಂದೂರಿನ ಕಡೆ ಇರುವ ನಮ್ಮ ಹದಿನೆಂಟು ಎಕರೆ ಕಾಫಿ ನನ್ನ ಕೈಗೆ ಬಂದ ವರ್ಷ ಈ ಮಾತನ್ನು ಎಷ್ಟು ಜನ ಹೇಳಿದರೋ ನೆನಪಿಲ್ಲ. ಲೆಕ್ಕ ಬರೆಯುವ ರೈಟರನ್ನು ನಂಬಬೇಡಿ, ಮೇಸ್ತ್ರಿಯನ್ನು ನಂಬಬೇಡಿ, ಡ್ರೈವರನ್ನಂತೂ ನಂಬಲೇಬೇಡಿ. ಹೇಳಿದವರನ್ನು ನಂಬಬೇಕೋ ಬೇಡವೋ ಅಂತ ಮಾತ್ರ ಯಾರೂ ಹೇಳಲಿಲ್ಲ. ನಾನು ಆ ಪಾಠವನ್ನು ಚೆನ್ನಾಗಿಯೇ ಕಲಿತೆ. ಮೂರ್ನಾಲ್ಕು ವರ್ಷಗಳಲ್ಲಿ ಅದು ನನಗೆ ಅಭ್ಯಾಸವೇ ಆಗಿಹೋಯಿತು.

ನಮ್ಮ ಜೀಪಿನ ಡ್ರೈವರ್ ಮೂವತ್ತೈದರ ಆಸುಪಾಸಿನವನು. ಅವನ ಅಪ್ಪ ಅಮ್ಮ ಇಬ್ಬರೂ ಹಿಂದೆ ಪಕ್ಕದ ತೋಟದಲ್ಲಿ ಕೆಲಸ ಮಾಡಿದವರು. ಮಾತು ಕಡಿಮೆ. ಗಾಡಿಯ ಎಣ್ಣೆ ನೀರು ಅವನೇ ನೋಡಿಕೊಳ್ಳುತ್ತಿದ್ದ, ಒಂದು ದಿನವೂ ತಡವಾಗಿ ಬಂದವನಲ್ಲ. ಹಣ್ಣು ಕುಯ್ಯುವ ಕಾಲದಲ್ಲಿ ಅವನ ಮುಖ್ಯ ಕೆಲಸವೆಂದರೆ ಬೆಳಿಗ್ಗೆ ಆರು ಕಿಲೋಮೀಟರ್ ದೂರದ ಹಳ್ಳಿಯಿಂದ ಹೆಂಗಸರನ್ನು ತೋಟಕ್ಕೆ ಕರೆದು ತರುವುದು, ಸಂಜೆ ವಾಪಸ್ ಬಿಡುವುದು. ಎಂಟೊಂಬತ್ತು ಜನ ಹೆಂಗಸರು, ಅವರ ಬುತ್ತಿ, ಚೀಲ. ರಸ್ತೆಯೋ, ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಶುರುವಾಗುವಂಥದ್ದು.

ಅವನು ಕೆಲಸಕ್ಕೆ ಸೇರಿದ ದಿನವೇ ನಾನು ಹೇಳಿದ್ದೆ. "ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದು. ನಾನು ಮಾಡಿದ್ರೂ ಎತ್ತಬಾರದು. ಒಂದು ಸಲ ನೋಡಿದ್ರೂ ಕೆಲಸದಿಂದ ತೆಗೀತೀನಿ."

"ಸರಿ ಅಮ್ಮ" ಅಂದಿದ್ದ.

ಹೋದ ಜನವರಿಯಲ್ಲಿ ಚಿಕ್ಕಮಗಳೂರಿನ ಗೊಬ್ಬರದಂಗಡಿಯಲ್ಲಿ ನಮ್ಮ ಪಕ್ಕದ ತೋಟದವರು ಸಿಕ್ಕಿದರು. ಅದು ಇದು ಮಾತಾಡಿ, ಹೊರಡುವಾಗ, "ನಿಮ್ಮ ಡ್ರೈವರ್ ಮೇಲೆ ಒಂದು ಕಣ್ಣಿಡಿ. ಮೊನ್ನೆ ಕಿವಿಗೆ ಫೋನ್ ಇಟ್ಕೊಂಡೇ ತಿರುವಲ್ಲಿ ಬರ್ತಿದ್ದ. ಹಿಂದೆ ಜನ ಬೇರೆ ತುಂಬಿದ್ರು" ಅಂದರು.

ಅವರು ಆ ಮಾತನ್ನು ಹೇಳಿ ಮರೆತಿರಬೇಕು. ನಾನು ಮನೆ ತಲುಪುವಷ್ಟರಲ್ಲಿ ಡ್ರೈವರನ್ನು ಮನಸ್ಸಿನಲ್ಲೇ ಹತ್ತು ಸಲ ವಿಚಾರಣೆ ಮಾಡಿದ್ದೆ. ನೇರವಾಗಿ ಕೇಳಬಹುದಿತ್ತು. ಕೇಳಿದರೆ ಇಲ್ಲ ಅನ್ನುತ್ತಾನೆ, ಆಮೇಲೆ ಹುಷಾರಾಗುತ್ತಾನೆ ಅನ್ನಿಸಿತು. ಹಿಡಿಯಬೇಕಾದರೆ ಅವನಿಗೆ ಗೊತ್ತಾಗದ ಹಾಗೆ ಹಿಡಿಯಬೇಕು.

ಮರುದಿನ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷವಿರುವಾಗ ನನ್ನ ಫೋನಿನಿಂದ ಅವನಿಗೆ ಕರೆ ಮಾಡಿದೆ. ಆ ಹೊತ್ತಿಗೆ ಅವನು ಹೆಂಗಸರನ್ನು ಹತ್ತಿಸಿಕೊಂಡು ಅತ್ತಿಮರದ ತಿರುವಿನ ಹತ್ತಿರ ಇರುತ್ತಾನೆಂದು ನನಗೆ ಗೊತ್ತು. ಆ ತಿರುವಿನಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ. ದಾಟಿದರೆ ನಮ್ಮ ಗೇಟಿನವರೆಗೂ ಏನೂ ಇಲ್ಲ. ಫೋನು ಪೂರ್ತಿ ರಿಂಗಾಯಿತು, ಎತ್ತಲಿಲ್ಲ. ಎಂಟೂ ಕಾಲಿಗೆ ಅಂಗಳಕ್ಕೆ ಬಂದು ಜೀಪು ನಿಲ್ಲಿಸಿ, "ಫೋನ್ ಮಾಡಿದ್ರಾ ಅಮ್ಮ? ಗಾಡಿ ಓಡಿಸ್ತಿದ್ದೆ" ಅಂದ.

ಅಲ್ಲಿಗೆ ಬಿಡಬೇಕಿತ್ತು. ನನಗೆ ಸಮಾಧಾನವಾಗುವ ಬದಲು ಅನುಮಾನ ಇನ್ನೊಂದು ಮೆಟ್ಟಿಲು ಹತ್ತಿತು. ನನ್ನ ನಂಬರ್ ನೋಡಿ ಎತ್ತಿಲ್ಲ, ಬೇರೆಯವರದ್ದಾದರೆ ಎತ್ತುತ್ತಾನೆ ಅಂದುಕೊಂಡೆ. ಬ್ಯಾಂಕಿನ ಮೆಸೇಜುಗಳಿಗೆಂದೇ ನಾನು ಒಂದು ಸಣ್ಣ ಬಟನ್ ಫೋನ್ ಇಟ್ಟುಕೊಂಡಿದ್ದೇನೆ. ಆ ನಂಬರ್ ಮನೆಯಲ್ಲಿ ನನ್ನ ಹೊರತು ಯಾರಿಗೂ ಗೊತ್ತಿಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ಅದರಿಂದ ಕರೆ ಮಾಡಿದೆ.

ಮೂರನೇ ರಿಂಗಿಗೆ ಎತ್ತಿದ. "ಹಲೋ... ಹಲೋ, ಹೇಳು" ಅಂದ. ಹೇಳಿ ಅಂತಲ್ಲ, ಹೇಳು ಅಂತ. ಯಾರನ್ನೋ ಕಾಯುತ್ತಿದ್ದವನ ದನಿ. ನಾನು ಮಾತಾಡದೆ ಕಟ್ ಮಾಡಿದೆ. ಕಟ್ ಮಾಡಿದ ಮೇಲೆ ಹೊಳೆಯಿತು, ಎಂಜಿನ್ನಿನ ಸದ್ದೇ ಇರಲಿಲ್ಲ. ಹಿಂದೆ ಹೆಂಗಸರು ಮಾತಾಡುವುದು, ಯಾರೋ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿತ್ತು. ಜೀಪು ನಿಂತಿತ್ತು. ಸರಿ, ನಿಲ್ಲಿಸಿ ಎತ್ತಿದ್ದಾನೆ. ಅದು ತಪ್ಪಲ್ಲ. ಆದರೆ ಹೇಳು ಅಂದಿದ್ದು ಯಾರಿಗೆ?

ಒಂದು ನಿಮಿಷದೊಳಗೆ ಬಟನ್ ಫೋನ್ ರಿಂಗಾಯಿತು. ಅವನದೇ ನಂಬರ್. ಎತ್ತಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಬಂತು. ನಾನು ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನಿಟ್ಟು, ಅದು ಬಡಿದುಕೊಂಡು ಸುಮ್ಮನಾಗುವವರೆಗೆ ನೋಡುತ್ತ ನಿಂತಿದ್ದೆ. ಗೊತ್ತಿಲ್ಲದ ನಂಬರಿಗೆ ಎರಡೆರಡು ಸಲ ವಾಪಸ್ ಮಾಡುತ್ತಾನೆಂದರೆ ಏನೋ ಇದೆ ಅಂತ ನನಗೆ ಖಾತ್ರಿಯಾಗಿಹೋಯಿತು. ಯಾವುದೋ ಹೆಂಗಸೋ, ನಮ್ಮಲ್ಲಿ ಕದ್ದ ಕಾಳುಮೆಣಸಿನ ಮೂಟೆ ಕೊಳ್ಳುವ ಯಾವನೋ. ಆ ಸಂಜೆ ಮೆಣಸಿನ ಕೋಣೆಯ ಬೀಗ ಬದಲಾಯಿಸಿದೆ.

ಎರಡು ದಿನ ಬಿಟ್ಟು ಮೂರನೆಯ ದಿನ ಮತ್ತೆ ಕರೆ ಮಾಡಿದೆ. ಅದೇ ಹೊತ್ತು, ಅದೇ ಫೋನ್. ಈ ಸಲ ಅವನು ಎತ್ತಿದ ಕೂಡಲೇ ಒಂದು ಸದ್ದು ಕೇಳಿತು, ತಗಡಿನ ಡಬ್ಬ ಕಲ್ಲಿಗೆ ಬಡಿದ ಹಾಗೆ. ಆಮೇಲೆ ಹೆಂಗಸರು ಕೂಗಿಕೊಂಡಿದ್ದು. ಆಮೇಲೆ ಏನೂ ಇಲ್ಲ.

ನಾನು ಪಕ್ಕದ ತೋಟದವರ ಕಾರಿನಲ್ಲಿ ಅಲ್ಲಿಗೆ ಹೋಗುವಾಗ ಅರ್ಧ ಗಂಟೆಯಾಗಿತ್ತು. ಆಗಿದ್ದು ಇಷ್ಟು. ಫೋನ್ ಬಂದ ತಕ್ಷಣ ಡ್ರೈವರ್ ಅತ್ತಿಮರದ ತಿರುವಿನಲ್ಲೇ ಜೀಪನ್ನು ಎಡಕ್ಕೆ ಒತ್ತಿ ನಿಲ್ಲಿಸಿದ್ದಾನೆ. ಜೀಪು ನಿಂತಿತೆಂದು, ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿಯಲು ಹಿಂದೆ ಕೂತಿದ್ದ ಹಿರಿಯ ಹೆಂಗಸು ಒಂದು ಕಾಲು ಕೆಳಗಿಟ್ಟಿದ್ದಾಳೆ. ಬೆಟ್ಟ ನೋಡಲು ಬಂದ ಹುಡುಗರ ಕಾರು ತಿರುವಿನಿಂದ ಬಂದು ಜೀಪಿನ ಮೂಲೆಗೆ ತಾಗಿದೆ. ಜೋರಾಗಿ ಏನಲ್ಲ. ಆದರೆ ಜೀಪು ಜಗ್ಗಿ, ಆಕೆ ಕೈಯೂರಿ ಬಿದ್ದಿದ್ದಾಳೆ. ಬಲ ಮಣಿಕಟ್ಟು ಅಲ್ಲೇ ಬಾತುಕೊಂಡಿತ್ತು. ರಸ್ತೆ ಬದಿ ಕೂತು, ಎಡಗೈಯಲ್ಲಿ ಬಲಗೈ ಹಿಡಿದುಕೊಂಡು, ಅಳದೆ ತುಟಿ ಕಚ್ಚಿಕೊಂಡಿದ್ದಳು. ಹದಿನೈದು ವರ್ಷದಿಂದ ನಮ್ಮಲ್ಲಿ ಹಣ್ಣು ಕುಯ್ಯುವವಳು.

ಕಾರಿನ ಹುಡುಗನೊಬ್ಬ ಎಲ್ಲರಿಗೂ ಕೇಳುವ ಹಾಗೆ, "ಅವನು ಫೋನಲ್ಲಿ ಮಾತಾಡ್ತಿದ್ದ, ನಾನೇ ನೋಡಿದ್ದೀನಿ" ಅನ್ನುತ್ತಿದ್ದ. ಡ್ರೈವರ್ ಕೈಯಲ್ಲಿ ಫೋನ್ ಹಾಗೇ ಇತ್ತು. ನನ್ನನ್ನು ನೋಡಿದ ಮೇಲೂ ಅದನ್ನು ಜೇಬಿಗೆ ಹಾಕಬೇಕೆಂದು ಅವನಿಗೆ ತೋಚಲಿಲ್ಲ.

ಆಕೆಯನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಕಳಿಸಿ, ನಾವು ಪೊಲೀಸ್ ಠಾಣೆಗೆ ಹೋದೆವು. ಅಲ್ಲಿದ್ದ ಸಬ್ ಇನ್‌ಸ್ಪೆಕ್ಟರ್ ವಯಸ್ಸಿನಲ್ಲಿ ಸಣ್ಣವರು, ತಾಳ್ಮೆಯವರು. ಮೊದಲು ಹುಡುಗರ ಮಾತು ಕೇಳಿದರು. ಆಮೇಲೆ ಡ್ರೈವರ್ ಕಡೆ ತಿರುಗಿದರು.

"ಗಾಡಿ ಓಡಿಸುವಾಗ ಮೊಬೈಲ್ ಹಿಡ್ಕೊಂಡಿದ್ಯಾ?"

"ಇಲ್ಲ ಸರ್. ನಿಲ್ಲಿಸಿ ಎತ್ತಿದ್ದು."

"ನಿಲ್ಲಿಸಿ ಮಾತಾಡಿ ಅಂತ ನಾವೇ ಹೇಳೋದು ಮಾರಾಯ. ತಿರುವಲ್ಲಿ ನಿಲ್ಲಿಸು ಅಂತ ಯಾರು ಹೇಳಿದ್ರು?"

"ಮುಂದೆ ಹೋದ್ರೆ ನೆಟ್‌ವರ್ಕ್ ಇರಲ್ಲ ಸರ್. ಅಲ್ಲೇ ಎತ್ತಬೇಕು."

"ಅಷ್ಟು ಅರ್ಜೆಂಟ್ ಯಾರದ್ದು?"

"ಮಗಳದ್ದು."

ಅವನು ನಿಧಾನವಾಗಿ ಹೇಳಿದ. ಮಗಳು ಮೂಡಿಗೆರೆ ಹತ್ತಿರ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಆರನೇ ಕ್ಲಾಸು. ಮಕ್ಕಳ ಹತ್ತಿರ ಫೋನ್ ಇಟ್ಟುಕೊಳ್ಳುವಂತಿಲ್ಲ. ಯಾರಾದರೂ ಟೀಚರ್ ಕೊಟ್ಟರೆ, ಅಡುಗೆಯವರು ಕೊಟ್ಟರೆ, ಅವರ ಫೋನಿಂದ ಮಾಡುತ್ತಾಳೆ. ಒಂದೊಂದು ಸಲ ಒಂದೊಂದು ನಂಬರ್. ದೀಪಾವಳಿ ಕಳೆದ ಮೇಲೆ ಅವಳಿಗೆ ಆಗಾಗ ಜ್ವರ. ಹಾಗಾಗಿ ಗೊತ್ತಿಲ್ಲದ ನಂಬರ್ ಬಂದರೆ ಅವನು ಬಿಡುವುದಿಲ್ಲ. "ಈ ನಂಬರಿಂದ ಮೂರು ದಿನದ ಹಿಂದೆನೂ ಬಂದಿತ್ತು ಸರ್. ಹಲೋ ಅನ್ನೋದ್ರಲ್ಲಿ ಕಟ್ಟಾಯ್ತು. ವಾಪಸ್ ಮಾಡಿದ್ರೆ ಎತ್ತಲಿಲ್ಲ. ಹಾಸ್ಟೆಲ್ ಆಫೀಸಿಗೆ ಮಾಡಿದ್ರೂ ಯಾರೂ ಎತ್ತಲಿಲ್ಲ. ಹೋಗಿ ಕೇಳೋಣ ಅಂದ್ರೆ ಸೀಸನ್ನು, ರಜಾ ಕೇಳೋಕಾಗಲಿಲ್ಲ."

ಇನ್‌ಸ್ಪೆಕ್ಟರ್ ಕೈ ಚಾಚಿದರು. ಅವನು ಫೋನ್ ಕೊಟ್ಟ. "ನೋಡೋಣ ಯಾರು ಅಂತ" ಅಂದು ಅವರು ಆ ನಂಬರಿಗೆ ಕರೆ ಮಾಡಿದರು.

ನನ್ನ ತೊಡೆಯ ಮೇಲೆ ಕೈಚೀಲವಿತ್ತು. ಅದರೊಳಗೆ, ಕರವಸ್ತ್ರ ಮತ್ತು ಕನ್ನಡಕದ ಡಬ್ಬಿಯ ಕೆಳಗೆ, ಬಟನ್ ಫೋನ್ ಅದುರತೊಡಗಿತು. ಹೊರಡುವ ಗಡಿಬಿಡಿಯಲ್ಲಿ ಎರಡೂ ಫೋನನ್ನು ಚೀಲಕ್ಕೆ ತುರುಕಿದ್ದೆ. ಅವನು ವಾಪಸ್ ಮಾಡಿದ ದಿನವೇ ಅದರ ಸದ್ದು ತೆಗೆದಿಟ್ಟಿದ್ದರಿಂದ ಯಾರಿಗೂ ಕೇಳಲಿಲ್ಲ. ನನ್ನ ತೊಡೆಗೆ ಮಾತ್ರ ಗೊತ್ತಾಗುತ್ತಿತ್ತು. ನಾನು ಚೀಲವನ್ನು ಎರಡೂ ಕೈಯಿಂದ ಅದುಮಿ ಹಿಡಿದು, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಎಷ್ಟು ಹೊತ್ತು ಅದುರಿತೋ. ಕೊನೆಗೆ ಇನ್‌ಸ್ಪೆಕ್ಟರ್, "ಎತ್ತುತ್ತಿಲ್ಲ. ಯಾರೋ ಏನೋ" ಅಂದು ಫೋನನ್ನು ಅವನಿಗೆ ಹಿಂದಕ್ಕೆ ಕೊಟ್ಟರು.

ನಾನು ಬಾಯಿ ಬಿಡಲಿಲ್ಲ. ಹೆದರಿಕೆ ಅಂತ ಹೇಳಿದರೆ ಅದು ಪೂರ್ತಿ ನಿಜವಲ್ಲ. ಅವನನ್ನು ಹಿಡಿಯಲು ನಾನು ಏನೇನು ಮಾಡಿದೆನೆಂದು ಅಷ್ಟು ಜನರ ಮುಂದೆ ಹೇಳಬೇಕಲ್ಲ, ಆ ನಾಚಿಕೆ.

ತಿರುವಿನಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಅವನ ಮೇಲೆ ಕೇಸು ಬರೆದುಕೊಂಡು, ಆಸ್ಪತ್ರೆಯ ಕಾಗದ ಸಿಕ್ಕಿದ ಮೇಲೆ ಮತ್ತೆ ಬನ್ನಿ ಅಂದರು. ಹೊರಗೆ ಬಂದ ಕೂಡಲೇ ಅವನು ಹಾಸ್ಟೆಲಿನ ಆಫೀಸಿಗೆ ಮತ್ತೆ ಫೋನ್ ಮಾಡಿದ, ಈ ಸಲ ಯಾರೋ ಎತ್ತಿದರು. ಠಾಣೆಯ ಎದುರು, ಸಿಲ್ವರ್ ಓಕ್ ಮರದ ಬುಡದಲ್ಲಿ ನಿಂತು ಮಾತಾಡಿದ. ಮಗಳು ಆರಾಮಾಗಿದ್ದಾಳಂತೆ, ಕ್ಲಾಸಿನಲ್ಲಿದ್ದಾಳಂತೆ. ಮನೆಗೆ ಫೋನೇ ಮಾಡಿಲ್ಲವಂತೆ. ಅವನ ಮುಖದಲ್ಲಿ ಮೊದಲು ಸಮಾಧಾನ ಬಂತು, ಆಮೇಲೆ ಗೊಂದಲ. "ಹಂಗಾದ್ರೆ ಯಾರಮ್ಮ ಅದು?" ಅಂತ ನನ್ನನ್ನೇ ಕೇಳಿದ.

ನಾನು ಚೀಲ ತೆಗೆದು ಬಟನ್ ಫೋನನ್ನು ಅವನಿಗೆ ತೋರಿಸಿದೆ.

ಅವನು ಅದರ ಮೇಲಿದ್ದ ತನ್ನದೇ ನಂಬರನ್ನು ಓದಿದ. ಆಮೇಲೆ, "ಮಗಳಿಗೆ ಏನೋ ಆಗಿದೆ, ಹೇಳೋಕೆ ಹೆದರಿ ಕಟ್ ಮಾಡ್ತಿದಾಳೆ ಅಂತ ಮೂರು ದಿನ ನಾನೂ ನನ್ನ ಹೆಂಡ್ತಿನೂ ಸರಿಯಾಗಿ ಊಟ ಮಾಡಿಲ್ಲ ಅಮ್ಮ" ಅಂದ. ಸಿಟ್ಟಿನಿಂದ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಫೋನಲ್ಲಿ ಮಾತಾಡ್ತಾ ಗಾಡಿ ಓಡಿಸ್ತೀಯ ಅಂತ ಒಬ್ರು ಹೇಳಿದ್ರು" ಅಂದೆ.

"ನೀವು ಕೇಳಿದ್ರೆ ಹೇಳ್ತಿದ್ದೆ."

"ಏನಂತ ಹೇಳ್ತಿದ್ದೆ?"

ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಆ ಕ್ಷಣದಲ್ಲೂ ನನಗೆ ಆ ಮೌನದ ಮೇಲೆ ಅನುಮಾನ ಬಂತು ಅನ್ನುವುದನ್ನು ಮುಚ್ಚಿಟ್ಟರೆ ಇದನ್ನು ಬರೆದು ಪ್ರಯೋಜನವಿಲ್ಲ.

ನಾನೊಬ್ಬಳೇ ಮತ್ತೆ ಒಳಗೆ ಹೋದೆ. ಇನ್‌ಸ್ಪೆಕ್ಟರ್ ಟೀ ಕುಡಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟು ಕೇಳಿದರು. "ಅವನು ಗಾಡಿ ಓಡಿಸ್ತಿದಾನೆ ಅಂತ ಗೊತ್ತಿದ್ದೂ ಮಾಡಿದ್ರಾ?"

"ಗೊತ್ತಿದ್ದಿದ್ದಕ್ಕೇ ಮಾಡಿದ್ದು."

ಅವರು ಬರೆಯಲು ಪೆನ್ನು ತೆಗೆದುಕೊಂಡರು. "ಎತ್ತಿದವರ ಮೇಲೆ ಬರೀಬಹುದು ಮೇಡಂ. ಮಾಡಿದವರ ಮೇಲೆ ಏನು ಬರೀಲಿ ಅಂತ ನಂಗೂ ಗೊತ್ತಿಲ್ಲ" ಅಂದರು. ಆದರೂ ನಾನು ಹೇಳಿದ್ದನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಡ್ರೈವರ್‌ಗೆ ದಂಡ ತಪ್ಪಲಿಲ್ಲ, ಅದನ್ನು ನಾನು ಕಟ್ಟಿದೆ. ಕಾರಿನ ಹುಡುಗರ ಮೇಲೂ, ತಿರುವಿನಲ್ಲಿ ವೇಗವಾಗಿ ಬಂದದ್ದಕ್ಕೆ ಬರೆದರೆಂದು ಆಮೇಲೆ ತಿಳಿಯಿತು.

ಆಸ್ಪತ್ರೆಯಲ್ಲಿ ಆ ಹೆಂಗಸಿನ ಕೈಗೆ ಪ್ಲಾಸ್ಟರ್ ಹಾಕಿದ್ದರು. ಅವಳಿಗೂ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರೆ ನನ್ನ ಕೈ ಮುರಿದದ್ದು ನೀವು" ಅಂದಳು. ಹೌದು ಅಂದೆ. "ಆ ಡ್ರೈವರ್ ಹುಡುಗನ್ನ ಬೈದುಬಿಟ್ನಲ್ಲ ನಾನು" ಅಂತ ಪೇಚಾಡಿಕೊಂಡಳು. ಆಸ್ಪತ್ರೆಯ ಖರ್ಚು, ಕೈ ಸರಿಹೋಗುವವರೆಗಿನ ಕೂಲಿ ನಾನು ಕೊಟ್ಟೆ. ಬೇಡ ಅನ್ನಲಿಲ್ಲ, ಉಪಕಾರ ಅಂತಲೂ ಅನ್ನಲಿಲ್ಲ. ಅವಳು ಹಾಗಿದ್ದಿದ್ದೇ ನನಗೆ ಒಳ್ಳೆಯದಾಯಿತು.

ವಾರ ಕಳೆದ ಮೇಲೆ ಪಕ್ಕದ ತೋಟದವರನ್ನು ಕೇಳಿದೆ. ಅವರು ನೋಡಿದ್ದು ಯಾವ ದಿನ, ಯಾವ ಹೊತ್ತು? ಅವರು ತಲೆ ಕೆರೆದುಕೊಂಡರು. "ಬಿಳಿ ಜೀಪು. ನಿಮ್ಮದೇ ಅನ್ಕೊಂಡೆ. ಈಗ ಎಲ್ಲರದ್ದೂ ಬಿಳಿ ಜೀಪೇ ಅಲ್ವಾ" ಅಂದರು.

ಡ್ರೈವರ್ ಹಣ್ಣು ಮುಗಿಯುವವರೆಗೂ ಇದ್ದ. ಬೆಳಿಗ್ಗೆ ಹೊರಡುವಾಗ ಫೋನನ್ನು ಆಫ್ ಮಾಡಿ ಜೀಪಿನ ಮುಂಭಾಗದ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚುತ್ತಿದ್ದ. ನನಗೆ ಕಾಣಲಿ ಅಂತ ಮಾಡುತ್ತಿದ್ದನೋ, ತನಗಾಗಿ ಮಾಡುತ್ತಿದ್ದನೋ ತಿಳಿಯಲಿಲ್ಲ. ಹಾಸ್ಟೆಲಿನವರಿಗೆ ನನ್ನ ನಂಬರ್ ಕೊಡು, ಏನಾದರೂ ಇದ್ದರೆ ನಾನು ಹೇಳುತ್ತೇನೆ ಅಂದೆ. "ಬೇಡ ಅಮ್ಮ, ಹೆಂಡ್ತಿ ನಂಬರ್ ಕೊಟ್ಟಿದೀನಿ" ಅಂದ.

ಮಾರ್ಚ್ ಕೊನೆಯಲ್ಲಿ ಜೀಪನ್ನು ತೊಳೆದು ಒರೆಸಿ, ಬೀಗದ ಕೈ ತಂದು ಕೊಟ್ಟ. ಕಳಸದ ಕಡೆ ಅವನ ಭಾವ ಒಂದು ವ್ಯಾನ್ ತೆಗೆದುಕೊಂಡಿದ್ದಾನಂತೆ, ಓಡಿಸಲು ಜನ ಬೇಕಂತೆ, ಅದಕ್ಕೇ ಹೋಗುತ್ತಿದ್ದಾನಂತೆ. "ನಿಮ್ಮ ಮೇಲೆ ಏನೂ ಬೇಜಾರಿಲ್ಲ" ಅಂತ ನಾನು ಕೇಳದೇ ಹೇಳಿದ.

ಭಾವ ಇದ್ದಾನೋ ಇಲ್ಲವೋ, ವ್ಯಾನ್ ಇದೆಯೋ ಇಲ್ಲವೋ, ಕಳಸದಲ್ಲಿ ಪರಿಚಯದವರಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತಿತ್ತು. ಆ ಸಂಜೆ ಎರಡು ಸಲ ಫೋನ್ ಕೈಗೆ ತೆಗೆದುಕೊಂಡೆ. ಮಾಡಲಿಲ್ಲ. ಅವನು ಹೇಳಿದ್ದನ್ನೇ ನಿಜವೆಂದು ಇಟ್ಟುಕೊಂಡಿದ್ದೇನೆ.